ಬ್ಯಾಚ್ ಗುಂಪಿನಲ್ಲಿ ಬಂದ ಒಂದು ಚಾರ್ಟು: ಹೃದಯದ ಲೈಪೋಮಾಕ್ಕೆ (ಕೊಬ್ಬಿನ ಗಡ್ಡೆಗೆ) ಕತ್ತರಿ ಯಾವಾಗ?

ಮಂಜು (ಜನರಲ್ ಪ್ರಾಕ್ಟೀಸ್): [ಫಾರ್ವರ್ಡ್ ಆದ ಚಿತ್ರ. “ಹೃದಯದ ಲೈಪೋಮಾ: ಐದು ಹೆಜ್ಜೆ. 1. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಬೆಳ್ಳಗೆ ಕಂಡ ಗಡ್ಡೆ ಲೈಪೋಮಾ. 2. ಸಂಶಯವಿದ್ದರೆ ಬಯಾಪ್ಸಿ. 3. ಪೆಟ್ ಸ್ಕ್ಯಾನಿನಲ್ಲಿ ಹೊಳೆದರೆ ಕ್ಯಾನ್ಸರ್. 4. ರಕ್ತ ಹೆಪ್ಪುಗಟ್ಟದ ಮಾತ್ರೆ ಶುರುಮಾಡಿ. 5. 2 ಸೆಂ.ಮೀ. ದಾಟಿದರೆ ಆಪರೇಷನ್.”]

ಮಂಜು: ನೀಟಾಗಿದೆ ಅನ್ನಿಸ್ತು. ಕ್ಲಿನಿಕ್ ಗೋಡೆಗೆ ಹಾಕಬಹುದಾ?

ವೀಣಾ (ರೇಡಿಯಾಲಜಿ): ಹಾಕಬೇಡ ಮಾರಾಯ. ಐದಕ್ಕೆ ಐದೂ ತಪ್ಪು.

ಶ್ರೀಧರ (ಹೃದಯ ಶಸ್ತ್ರಚಿಕಿತ್ಸೆ): ಐದನೇದು ಪೂರ್ತಿ ತಪ್ಪಲ್ಲ ಕಣೇ. ದೊಡ್ಡದಾದ್ರೆ ತೆಗೀಲೇಬೇಕಾಗುತ್ತೆ.

ವೀಣಾ: ಐದನೇದೇ ಎಲ್ಲಕ್ಕಿಂತ ಅಪಾಯ. ಆ 2 ಸೆಂ.ಮೀ. ಎಲ್ಲಿಂದ ಬಂತು ಗೊತ್ತಾ? ಏಟ್ರಿಯಂಗಳ (ಹೃದಯದ ಮೇಲಿನ ಎರಡು ಕೋಣೆಗಳ) ನಡುವಿನ ಸೆಪ್ಟಮ್‌ನಲ್ಲಿ, ಅಂದ್ರೆ ಗೋಡೆಯಲ್ಲಿ, ಕೊಬ್ಬು ಸೇರಿ ದಪ್ಪ ಆಗೋದಿದೆಯಲ್ಲ, ಲೈಪೋಮ್ಯಾಟಸ್ ಹೈಪರ್‌ಟ್ರೊಫಿ, ಅದನ್ನ ಗುರುತಿಸೋಕೆ ಇಟ್ಟುಕೊಂಡಿರೋ ಅಳತೆ ಅದು. ಸೆಪ್ಟಮ್ ದಪ್ಪ 2 ಸೆಂ.ಮೀ. ಮೀರಿದ್ರೆ ಆ ಹೆಸರು ಕೊಡ್ತೀವಿ, ಅಷ್ಟೇ. ಯಾರೋ ಅದನ್ನ ತಂದು ಲೈಪೋಮಾಕ್ಕೆ ಆಪರೇಷನ್ ಗಡಿ ಅಂತ ಅಂಟಿಸಿದಾರೆ. ಇದನ್ನ ನಂಬಿದ್ರೆ ಯಾರನ್ನ ಮುಟ್ಟಲೇಬಾರದೋ ಅವರೇ ಮೊದಲು ಟೇಬಲ್ ಮೇಲೆ ಮಲಗ್ತಾರೆ.

ನಾಗರಾಜ (ಕಾರ್ಡಿಯಾಲಜಿ): ಸರಿಯಾಗಿ ಹಿಡಿದೆ. ಮಂಜು, ಎರಡೂ ಬೇರೆ ಬೇರೆ. ಲೈಪೋಮಾ ನಿಜವಾದ ಗಡ್ಡೆ, ಬಲಿತ ಕೊಬ್ಬಿನ ಕೋಶಗಳು, ಸುತ್ತ ತೆಳು ಕವಚ. ಯಾವ ವಯಸ್ಸಲ್ಲಾದ್ರೂ, ಹೃದಯದ ಯಾವ ಪದರದಲ್ಲಾದ್ರೂ ಬರಬಹುದು. ಒಳಪದರದ ಕೆಳಗೆ ಹೆಚ್ಚು, ಮಿಕ್ಕಿದ್ದು ಸ್ನಾಯುವಿನಲ್ಲಿ, ಹೊರಪದರದಲ್ಲಿ. ಸೆಪ್ಟಮ್‌ದು ಗಡ್ಡೆಯೇ ಅಲ್ಲ, ಕವಚ ಇರಲ್ಲ. ವಯಸ್ಸಾದವರಲ್ಲಿ, ದಪ್ಪ ಮೈಯವರಲ್ಲಿ ಜಾಸ್ತಿ. 1964ರಲ್ಲಿ ಪ್ರಯರ್ ಅನ್ನೋ ಪೆಥಾಲಜಿಸ್ಟ್ ಇದಕ್ಕೆ ಹೆಸರಿಟ್ಟಿದ್ದು.

ಇಕ್ಬಾಲ್ (ಅರಿವಳಿಕೆ): ಟೀಈಲಿ (ಅನ್ನನಾಳದ ಒಳಗಿಂದ ಮಾಡೋ ಎಕೋ) ಬೈಕೇವಲ್ ವ್ಯೂ (ಸೆಪ್ಟಮ್ ಉದ್ದಕ್ಕೆ ಕಾಣೋ ಕೋನ) ಹಾಕಿದ್ರೆ ಒಂದೇ ನೋಟಕ್ಕೆ ಸಿಗುತ್ತೆ. ಫೋಸಾ ಓವಾಲಿಸ್ (ಸೆಪ್ಟಮ್ ನಡುವಿನ ತಗ್ಗು) ತೆಳ್ಳಗೇ ಉಳಿದಿರುತ್ತೆ, ಅದರ ಮೇಲೂ ಕೆಳಗೂ ಉಬ್ಬು. ಡಂಬೆಲ್ ಆಕಾರ. ಫೋಸಾನೂ ಮುಚ್ಚಿಹೋಗಿದ್ರೆ ಮಾತ್ರ ಬೇರೆ ಏನಾದ್ರೂ ಇರಬಹುದಾ ಅಂತ ಯೋಚಿಸು.

ನಾಗರಾಜ: ಎಡಗಡೆ ಕೋಣೆಗೆ ಹೋಗೋಕೆ ಅಲ್ಲಿ ಸೂಜಿ ಹಾಕೋವಾಗ್ಲೂ ಇದು ನೆನಪಿರಬೇಕು. ಆ ದಪ್ಪ ಭಾಗ ನಿಜವಾದ ಸೆಪ್ಟಮ್ ಅಲ್ಲ, ಏಟ್ರಿಯಂ ಗೋಡೆ ಒಳಕ್ಕೆ ಮಡಚಿಕೊಂಡಿರೋ ಜಾಗ. ಮಡಿಕೆಯೊಳಗೆ ಹೊರಗಿನ ಕೊಬ್ಬು ಕೂತಿರುತ್ತೆ. ಟ್ರಾನ್ಸ್‌ಸೆಪ್ಟಲ್ ಸೂಜಿ ಅದರೊಳಗೆ ಹೋದ್ರೆ ಹೃದಯದಿಂದ ಆಚೆ ಹೋದ ಹಾಗೇ, ಟ್ಯಾಂಪೊನೇಡ್ (ಹೃದಯದ ಸುತ್ತ ರಕ್ತ ತುಂಬಿ ಅದನ್ನ ಅದುಮೋದು) ಆಗಬಹುದು. ಫೋಸಾದಲ್ಲೇ ಚುಚ್ಚಬೇಕು, ಎಕೋ ನೋಡ್ಕೊಂಡೇ.

ಮಂಜು: ಸರಿ, ಐದನೇದು ಬಿಡೋಣ. ಮೊದಲನೇದರಲ್ಲಿ ಏನು ತಪ್ಪು? ಕೊಬ್ಬು ಎಕೋದಲ್ಲಿ ಬೆಳ್ಳಗೇ ತಾನೇ ಕಾಣೋದು?

ನಾಗರಾಜ: ಕೋಣೆಯೊಳಗೆ ಇರೋ ಲೈಪೋಮಾ ಸಾಮಾನ್ಯವಾಗಿ ಒಂದೇ ಸಮ ಬೆಳ್ಳಗೆ, ಅಗಲ ಬುಡ, ಅಲುಗಾಡಲ್ಲ. ಆದ್ರೆ ಹಳೇ ಹೆಪ್ಪೂ ಬೆಳ್ಳಗಿರುತ್ತೆ, ಮಿಕ್ಸೋಮಾನೂ (ಹೃದಯದ ಇನ್ನೊಂದು ಥರದ ಗಡ್ಡೆ) ಇರಬಹುದು. ಇನ್ನು ಪೆರಿಕಾರ್ಡಿಯಂ (ಹೃದಯದ ಹೊರಚೀಲ) ಕಡೆ ಇರೋ ಲೈಪೋಮಾ ಎಷ್ಟೋ ಸಲ ಕಪ್ಪಾಗೇ ಕಾಣುತ್ತೆ. ಅದನ್ನ ಎಫ್ಯೂಶನ್ (ಆ ಚೀಲದಲ್ಲಿ ತುಂಬಿದ ನೀರು) ಅಂದ್ಕೊಂಡು ಸೂಜಿ ಹಾಕಿದ್ರೆ ಒಂದು ಹನಿ ನೀರೂ ಬರಲ್ಲ, ಹೃದಯಕ್ಕೆ ಚುಚ್ಚಿದ್ದೇ ಲಾಭ. ಎಕೋ ಹೇಳೋದು ಎಲ್ಲಿದೆ, ಎಷ್ಟಿದೆ, ಅಲುಗುತ್ತಾ, ವಾಲ್ವ್‌ಗೆ ತಗುಲುತ್ತಾ, ಹರಿವಿಗೆ ಅಡ್ಡ ಬಂದಿದೆಯಾ ಅನ್ನೋದನ್ನ. ಏನು ಅನ್ನೋದನ್ನಲ್ಲ.

ವೀಣಾ: ಏನು ಅನ್ನೋದಕ್ಕೆ ಸಿಟಿ ಇಲ್ಲಾ ಎಂಆರ್ (ಎಂಆರ್‌ಐ). ಸಿಟಿ ಸುಲಭ. ಇಸಿಜಿ ಗೇಟಿಂಗ್ (ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯೋದು) ಬೇಕು, ಕಾಂಟ್ರಾಸ್ಟ್ (ಚಿತ್ರದಲ್ಲಿ ಹೊಳೆಯೋ ಚುಚ್ಚುಮದ್ದು) ಇಲ್ಲದ ಒಂದು ಸರಣಿ ಇರಲೇಬೇಕು. ಗಡ್ಡೆಯ ನಡುಭಾಗದಲ್ಲಿ ಆರ್‌ಓಐ (ಅಳೆಯೋ ವೃತ್ತ) ಇಡು, ಅಂಚಿಗೆ ತಾಗಿಸಬೇಡ. −50ರಿಂದ −150 ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಸಾಂದ್ರತೆಯ ಅಂಕಿ) ಬಂದ್ರೆ ಕೊಬ್ಬು. ಕಾಂಟ್ರಾಸ್ಟ್ ಸರಣಿ ಒಂದರಲ್ಲೇ ಅಳೆದ್ರೆ ಪಕ್ಕದ ಹೊಳೆಯೋ ರಕ್ತ ಅಂಚಿಗೆ ಬೆರೆತು ಸಣ್ಣ ಗಡ್ಡೆಯ ಅಂಕಿ ಮೇಲೆ ಹೋಗುತ್ತೆ. ಆಮೇಲೆ “ಕೊಬ್ಬಲ್ಲ” ಅಂತ ರಿಪೋರ್ಟು. ತೆಳು ಸ್ಲೈಸ್ ತಗೋ. ಕೆವಿಪಿ (ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್) ಕಡಿಮೆ ಮಾಡಿದ್ರೆ ಕೊಬ್ಬಿನ ಅಂಕಿ ಇನ್ನೂ ಕೆಳಗಿಳಿಯುತ್ತೆ, ಅದಕ್ಕೇ ಹಿಂದಿನ ಸ್ಕ್ಯಾನ್ ಜೊತೆ ಹೋಲಿಸೋವಾಗ ಕೆವಿಪಿನೂ ನೋಡು.

ಶ್ರೀಧರ: ನನಗೆ ಎಂಆರ್ ಬೇಕು. ಗಡ್ಡೆ ಸ್ನಾಯುವಿನೊಳಗೆ ಎಷ್ಟು ಇಳಿದಿದೆ ಅಂತ ಸಿಟಿಲಿ ಸರಿಯಾಗಿ ಗೊತ್ತಾಗಲ್ಲ.

ವೀಣಾ: ಒಪ್ಪಿದೆ. ಆದ್ರೆ ಎಂಆರ್‌ನಲ್ಲೇ ಜನ ಹೆಚ್ಚು ಎಡವೋದು. ಕೊಬ್ಬು ಟಿ1 ಸರಣಿಯಲ್ಲಿ ಬಿಳಿ, ಫ್ಯಾಟ್ ಸ್ಯಾಚುರೇಶನ್ (ಕೊಬ್ಬಿನ ಸಿಗ್ನಲ್ ಅಳಿಸೋ ತಂತ್ರ) ಹಾಕಿದ ಕೂಡಲೇ ಕಪ್ಪು, ಇಷ್ಟು ಎಲ್ಲರಿಗೂ ಗೊತ್ತು. ಸಿನಿ ಎಸ್‌ಎಸ್‌ಎಫ್‌ಪಿಯಲ್ಲಿ (ಹೃದಯ ಬಡಿಯೋದನ್ನ ತೋರಿಸೋ ಸರಣಿ) ಗಡ್ಡೆ ಸುತ್ತ ಶಾಯಿಯಲ್ಲಿ ಎಳೆದ ಹಾಗೆ ಕಪ್ಪು ಗೆರೆ ಬರುತ್ತೆ, ಕೊಬ್ಬೂ ನೀರೂ ಒಂದೇ ವಾಕ್ಸೆಲ್‌ನಲ್ಲಿ (ಚಿತ್ರದ ಚುಕ್ಕೆಯಲ್ಲಿ) ಒಂದನ್ನೊಂದು ಕಳೆಯೋದ್ರಿಂದ. ಇಲ್ಲಿಗೆ ಸುಲಭದ ಭಾಗ ಮುಗೀತು.

ವೀಣಾ: ಔಟ್ ಆಫ್ ಫೇಸ್ ಸರಣಿ (ಕೊಬ್ಬಿನ, ನೀರಿನ ಸಿಗ್ನಲ್ ಎದುರುಬದುರಾಗೋ ಕ್ಷಣದ್ದು; 1.5 ಟೆಸ್ಲಾದಲ್ಲಿ ಟಿಈ, ಅಂದ್ರೆ ಸಿಗ್ನಲ್ ಹಿಡಿಯೋ ಹೊತ್ತು, ಸುಮಾರು 2.3 ಮಿಲಿಸೆಕೆಂಡ್, ಇನ್ ಫೇಸ್ 4.6) ನೋಡಿ “ನಡುವೆ ಸಿಗ್ನಲ್ ಇಳಿದಿಲ್ಲ, ಹಾಗಾಗಿ ಕೊಬ್ಬಲ್ಲ” ಅಂತ ಬರೆಯೋರು ಇದ್ದಾರೆ. ಉಲ್ಟಾ ಕಣ್ರೋ! ಪೂರ್ತಿ ಕೊಬ್ಬಿರೋ ಕಡೆ ಕಳೆಯೋಕೆ ನೀರೇ ಇಲ್ಲ, ಸಿಗ್ನಲ್ ಇಳಿಯೋದು ಅಂಚಿನಲ್ಲಿ ಮಾತ್ರ. ನಡುವೆ ಇಳಿದ್ರೆ ಕೊಬ್ಬೂ ಬೇರೆ ಅಂಗಾಂಶವೂ ಬೆರೆತಿದೆ ಅಂತ ಅರ್ಥ.

ವೀಣಾ: ಇನ್ನೊಂದು, ಸ್ಟಿರ್ (ಕೊಬ್ಬು ಅಳಿಸೋ ಇನ್ನೊಂದು) ಸರಣಿಯನ್ನ ಗ್ಯಾಡೊಲಿನಿಯಂ (ಎಂಆರ್ ಕಾಂಟ್ರಾಸ್ಟ್) ಕೊಡೋ ಮೊದಲೇ ಮುಗಿಸಬೇಕು. ಸ್ಟಿರ್‌ಗೆ ಕೊಬ್ಬಿನ ಪರಿಚಯ ಇಲ್ಲ, ಕೊಬ್ಬಿನಷ್ಟು ಗಿಡ್ಡ ಟಿ1 (ಸಿಗ್ನಲ್ ಚೇತರಿಸಿಕೊಳ್ಳೋ ಸಮಯ) ಇರೋದೆಲ್ಲವನ್ನೂ ಅಳಿಸುತ್ತೆ. ಗ್ಯಾಡೊಲಿನಿಯಂ ಹೀರಿದ ಟ್ಯೂಮರ್‌ನ ಟಿ1ನೂ ಅಷ್ಟಕ್ಕೇ ಇಳಿಯಬಹುದು. ಸಾರ್ಕೋಮಾ (ಮಾರಕ ಗಡ್ಡೆ) ಕಪ್ಪಾಗಿ ಕಂಡು “ಕೊಬ್ಬು” ಅನ್ನಿಸಿಕೊಳ್ಳುತ್ತೆ.

ಉಷಾ (ಪೆಥಾಲಜಿ): ಇದು ಹೊಸದಾಗಿ ಸೇರೋ ಟೆಕ್ನಿಷಿಯನ್‌ಗಳಿಗೆ ಬರೆದಿಡಬೇಕಾದ ಮಾತು.

ವೀಣಾ: ಇನ್ನು ಲೇಟ್ ಎನ್‌ಹ್ಯಾನ್ಸ್‌ಮೆಂಟ್ (ಕಾಂಟ್ರಾಸ್ಟ್ ಕೊಟ್ಟು ಸ್ವಲ್ಪ ಹೊತ್ತಾದಮೇಲಿನ ಚಿತ್ರ). ಅದಕ್ಕೆ ಬಳಸೋ ಇನ್ವರ್ಶನ್ ರಿಕವರಿ ಸರಣಿಯಲ್ಲಿ ಕೊಬ್ಬು ತಾನಾಗೇ ಬಿಳಿ. “ಗಡ್ಡೆ ಕಾಂಟ್ರಾಸ್ಟ್ ಹೀರಿದೆ, ಮಾರಕ ಇರಬಹುದು” ಅಂತ ಹೆದರಿಸ್ತಾರೆ. ಅದೇ ಕಟ್‌ನಲ್ಲಿ ಫ್ಯಾಟ್ ಸ್ಯಾಚುರೇಶನ್ ಹಾಕಿ ಇನ್ನೊಂದು ಸಲ ತೆಗಿ. ಕಪ್ಪಾದ್ರೆ ಅದು ಕೊಬ್ಬು, ಬಿಳಿಯಾಗೇ ಉಳಿದ ಭಾಗ ಇದ್ರೆ ಅದರ ಬಗ್ಗೆ ಯೋಚಿಸು.

ಮಂಜು: ಏನು ಕಂಡ್ರೆ ನೀನು ಹೆದರ್ತೀಯ?

ವೀಣಾ: ಗಡ್ಡೆಯೊಳಗೆ ದಪ್ಪ ಸೆಪ್ಟಾ (ಅಡ್ಡಪೊರೆಗಳು), ಗಂಟುಗಂಟಾಗಿ ಕೊಬ್ಬಲ್ಲದ ಮಾಂಸಭಾಗ, ಅದಕ್ಕೆ ರಕ್ತ ಏರೋದು, ಅಂಚು ಕಿತ್ತುಹೋಗಿ ಪಕ್ಕದ ಪದರಕ್ಕೆ ನುಗ್ಗಿರೋದು, ಜೊತೆಗೆ ಎಫ್ಯೂಶನ್. ಕೂದಲೆಳೆಯಂಥ ತೆಳು ಸೆಪ್ಟಾ ಮಾಮೂಲಿ ಲೈಪೋಮಾದಲ್ಲೂ ಇರುತ್ತೆ. ಗಡ್ಡೆಯ ಪ್ರತಿ ಭಾಗವೂ ಎಲ್ಲಾ ಸರಣಿಯಲ್ಲೂ ಚರ್ಮದ ಕೆಳಗಿನ ಕೊಬ್ಬಿನ ಹಾಗೇ ನಡ್ಕೊಂಡ್ರೆ ಮಾತ್ರ ಲೈಪೋಮಾ ಅಂತ ಧೈರ್ಯವಾಗಿ ಬರೀತೀನಿ. ಒಂದು ಮೂಲೆ ಬೇರೆ ಥರ ಕಂಡ್ರೂ ಬರೆಯಲ್ಲ.

ನಾಗರಾಜ: ಕೊಬ್ಬು ಕಂಡಿದ್ದೆಲ್ಲ ಲೈಪೋಮಾ ಅಲ್ಲ ಅನ್ನೋದನ್ನೂ ಸೇರಿಸು. ಹಳೇ ಇನ್‌ಫಾರ್ಕ್ಟ್ (ಹೃದಯಾಘಾತದ ಗಾಯ) ಜಾಗದಲ್ಲಿ, ಆ ರಕ್ತನಾಳದ ವ್ಯಾಪ್ತಿಯಲ್ಲೇ, ತೆಳುವಾದ ಗೋಡೆಯಲ್ಲಿ ಕೊಬ್ಬಿನ ಪಟ್ಟಿ ಬರುತ್ತೆ. ಬಲ ವೆಂಟ್ರಿಕಲ್ (ಕೆಳಗಿನ ಕೋಣೆ) ಗೋಡೆಯಲ್ಲಿ ನಾರೂ ಕೊಬ್ಬೂ, ಜೊತೆಗೆ ಗೋಡೆ ಕುಣಿತ ಕೆಟ್ಟಿದ್ರೆ ಅರಿದ್ಮೊಜೆನಿಕ್ ಕಾರ್ಡಿಯೊಮಯೋಪತಿ (ಬಡಿತ ಕೆಡಿಸೋ ಹೃದಯ ಸ್ನಾಯುವಿನ ರೋಗ) ಹುಡುಕು, ಮನೆಯವರ ಇತಿಹಾಸ ಕೇಳು. ಸ್ನಾಯುವಿನಲ್ಲಿ ಕವಚ ಇಲ್ಲದ ಸಣ್ಣ ಸಣ್ಣ ಕೊಬ್ಬಿನ ಚುಕ್ಕೆ ಹಲವು ಕಡೆ ಇದ್ರೆ ಟ್ಯೂಬರಸ್ ಸ್ಕ್ಲೆರೋಸಿಸ್ (ಹಲವು ಅಂಗಗಳಲ್ಲಿ ಗಡ್ಡೆ ಮಾಡೋ ಜೀನ್ ರೋಗ). ಇದ್ಯಾವುದಕ್ಕೂ ಶ್ರೀಧರ ಬೇಡ.

ಶ್ರೀಧರ: 😑

ಇಕ್ಬಾಲ್: ಕೆಳ ವೀನಾ ಕೇವಾ (ಮೈಯಿಂದ ರಕ್ತ ವಾಪಸ್ ತರೋ ದೊಡ್ಡ ನಾಳ) ಏಟ್ರಿಯಂ ಸೇರೋ ಕಡೆ ಪಕ್ಕದ ಕೊಬ್ಬು ಒಳಗೇ ಇದ್ದ ಹಾಗೆ ಕಾಣೋದೂ ಇದೆ. ಆಕ್ಸಿಯಲ್ (ಅಡ್ಡ) ಕಟ್ ಒಂದನ್ನೇ ನೋಡಿ ಮೋಸ ಹೋಗ್ತಾರೆ. ಕೊರೋನಲ್ ರೀಫಾರ್ಮ್ಯಾಟ್ (ಎದುರಿನಿಂದ ಕಾಣೋ ನೋಟ) ಹಾಕಿದ್ರೆ ಕೊಬ್ಬು ಹೊರಗಿದೆ ಅಂತ ತಿಳಿಯುತ್ತೆ.

ಮಂಜು: ಮೂರನೇದು? ಪೆಟ್‌ನಲ್ಲಿ ಹೊಳೆದ್ರೆ?

ಉಷಾ: ಸೆಪ್ಟಮ್ ಕೊಬ್ಬಿನಲ್ಲಿ ಬ್ರೌನ್ ಫ್ಯಾಟ್ (ಶಾಖ ಹುಟ್ಟಿಸೋ ಕೊಬ್ಬು) ಇರುತ್ತೆ. ಅದು ಗ್ಲೂಕೋಸ್ ಸುಡುತ್ತೆ, ಎಫ್‌ಡಿಜಿ (ಪೆಟ್‌ಗೆ ಕೊಡೋ ಗ್ಲೂಕೋಸ್‌ನಂಥ ಔಷಧಿ) ಹೀರುತ್ತೆ, ಹೊಳೆಯುತ್ತೆ. ಬೇರೆ ಕ್ಯಾನ್ಸರ್‌ಗೆ ಪೆಟ್ ಮಾಡಿಸಿದವರಲ್ಲಿ ಇದನ್ನ ಹೃದಯಕ್ಕೆ ಹರಡಿದೆ ಅಂತ ಓದಿದ್ರೆ ಚಿಕಿತ್ಸೆಯ ದಿಕ್ಕೇ ತಪ್ಪುತ್ತೆ. ಅದೇ ಜಾಗದಲ್ಲಿ ಸಿಟಿ ಅಂಕಿ ಮೈನಸ್ ಇದೆಯಾ ನೋಡಿ, ಮುಗೀತು.

ಉಷಾ: ಎರಡನೇದಕ್ಕೂ ನಾನೇ ಹೇಳ್ತೀನಿ. ಚಿತ್ರದಲ್ಲಿ ಪೂರ್ತಿ ಕೊಬ್ಬು ಅಂತಾದ್ರೆ ಬಯಾಪ್ಸಿಯಿಂದ ಏನೂ ಸಿಗಲ್ಲ. ಬಲ ವೆಂಟ್ರಿಕಲ್‌ನಿಂದ ಫೋರ್ಸೆಪ್ಸ್‌ನಲ್ಲಿ ಕಚ್ಚಿ ತಂದ ಚೂರಿನಲ್ಲಿ ಕೊಬ್ಬು ಇದ್ರೆ ಲೈಪೋಮಾ ಅಂತ ಹೇಳೋಕಾಗಲ್ಲ, ಆರೋಗ್ಯವಂತರ ಬಲ ವೆಂಟ್ರಿಕಲ್‌ನಲ್ಲೂ ಕೊಬ್ಬು ಇರುತ್ತೆ. ಗೋಡೆ ತೂತಾಯ್ತು ಅಂತಲೂ ಅಲ್ಲ, ಅದಕ್ಕೆ ಮೀಸೋಥೀಲಿಯಲ್ (ಹೃದಯದ ಹೊರಮೈಯ) ಕೋಶ ಕಾಣಬೇಕು. ಸೆಪ್ಟಮ್ ಚೂರನ್ನ ಫ್ರೋಜನ್‌ಗೆ (ಗಟ್ಟಿ ತಣ್ಣಗಾಗಿಸಿ ತಕ್ಷಣ ನೋಡೋ ಪರೀಕ್ಷೆ) ಕಳಿಸಿದ್ರೆ ಇನ್ನೂ ಫಜೀತಿ. ಗುಳ್ಳೆ ತುಂಬಿದ ಕೊಬ್ಬಿನ ಕೋಶಗಳ ನಡುವೆ ಸಿಕ್ಕಿಕೊಂಡ ಮಯೋಸೈಟ್‌ಗಳ (ಸ್ನಾಯು ಕೋಶಗಳ) ನ್ಯೂಕ್ಲಿಯಸ್ ದೊಡ್ಡದಾಗಿ ವಿಕಾರವಾಗಿರುತ್ತೆ. ಅನುಭವ ಇಲ್ಲದವರು ಲೈಪೋಸಾರ್ಕೋಮಾ (ಕೊಬ್ಬಿನ ಕ್ಯಾನ್ಸರ್) ಅಂದುಬಿಡ್ತಾರೆ.

ನಾಗರಾಜ: ಕೊಬ್ಬಲ್ಲದ ಭಾಗ ಇದ್ರೆ?

ಉಷಾ: ಆಗ ಬೇಕು, ಆ ಭಾಗದಿಂದಲೇ ಬೇಕು. ಹೊರಗಿನ ಮೆತ್ತನೆ ಕೊಬ್ಬಿನ ಚೂರು ಕಳಿಸಿ “ಬಿನೈನ್” (ಕ್ಯಾನ್ಸರ್ ಅಲ್ಲ) ಅನ್ನಿಸಿಕೊಂಡು ಸಮಾಧಾನ ಪಡಬೇಡಿ. ಎಂಡಿಎಂ2 ಜೀನ್‌ಗೆ ಫಿಶ್ (ಜೀನ್ ಪ್ರತಿ ಎಣಿಸೋ ಪರೀಕ್ಷೆ) ಮಾಡಿಸ್ತೀನಿ, ಪ್ಯಾರಫಿನ್ ಬ್ಲಾಕ್ (ಮೇಣದಲ್ಲಿ ಕೂರಿಸಿದ ಚೂರು) ಸಾಕು. ವೆಲ್ ಡಿಫರೆನ್ಶಿಯೇಟೆಡ್ ಲೈಪೋಸಾರ್ಕೋಮಾದಲ್ಲಿ ಆ ಜೀನ್ ಆಂಪ್ಲಿಫೈ ಆಗಿರುತ್ತೆ (ಪ್ರತಿಗಳು ಹೆಚ್ಚಿರುತ್ತೆ), ಲೈಪೋಮಾದಲ್ಲಿ ಇಲ್ಲ. ಆದ್ರೆ ಮಿಕ್ಸಾಯ್ಡ್ ಥರದ ಲೈಪೋಸಾರ್ಕೋಮಾಕ್ಕೆ ಎಂಡಿಎಂ2 ನೆಗೆಟಿವ್ ಬಂತು ಅಂತ ಬಿಡೋ ಹಾಗಿಲ್ಲ, ಅದರ ದೋಷ ಬೇರೆ ಜೀನ್‌ನಲ್ಲಿ. ತೊಡೆಯಲ್ಲೋ ಹೊಟ್ಟೆಯ ಹಿಂಭಾಗದಲ್ಲೋ ಹಿಂದೆ ಗಡ್ಡೆ ತೆಗೆಸಿದ್ರಾ ಅಂತ ರೋಗಿಯನ್ನ ಕೇಳೋದು ಮರೀಬೇಡಿ.

ಮಂಜು: ಮಾತ್ರೆ? ನಾಲ್ಕನೇದು?

ನಾಗರಾಜ: ಲೈಪೋಮಾಕ್ಕೆ ಆ ಮಾತ್ರೆ ಬೇಡ. ಅದು ಬಂದಿದ್ದು ಹೆಪ್ಪಿರಬಹುದು ಅನ್ನೋ ಸಂಶಯದಿಂದ. ಹೆಪ್ಪು ಅನ್ನಿಸಿದ್ರೆ ಕೆಲವು ವಾರ ಕೊಟ್ಟು ಮತ್ತೆ ಎಕೋ ಮಾಡ್ತೀವಿ, ಕರಗಿದ್ರೆ ಹೆಪ್ಪು. ಕೊಬ್ಬು ಅಂತ ಖಚಿತ ಆದಮೇಲೆ ಆ ಪ್ರಶ್ನೆ ಇಲ್ಲ. ಏಟ್ರಿಯಲ್ ಫಿಬ್ರಿಲೇಶನ್ (ಏಟ್ರಿಯಂ ಅಡ್ಡಾದಿಡ್ಡಿ ಬಡಿಯೋದು) ಇದ್ರೆ ಅದಕ್ಕಾಗಿ, ರೋಗಿಯ ಸ್ಟ್ರೋಕ್ ಅಪಾಯ ನೋಡಿ ಕೊಡು. ಹಾಗೇ ಕೊಲೆಸ್ಟರಾಲ್ ಮಾತ್ರೆ, ಡಯಟ್, ಯಾವುದರಿಂದಲೂ ಲೈಪೋಮಾ ಕರಗಲ್ಲ. ಕೇಳೋರು ಇದನ್ನೇ ಮೊದಲು ಕೇಳೋದು, ಹೇಳಿಬಿಡು.

ಶ್ರೀಧರ: ಈಗ ನನ್ನ ಸರದಿ. ಅಳತೆ ನೋಡಿ ಆಪರೇಷನ್ ಬೇಡ, ಒಪ್ಪಿದೆ. ಹೊರಪದರದ ಲೈಪೋಮಾ ಕಿಲೋ ದಾಟಿ ಬೆಳೆದ್ರೂ ರೋಗಿಗೆ ಏನೂ ಅನ್ನಿಸದೇ ಇರಬಹುದು, ಪೆರಿಕಾರ್ಡಿಯಂ ನಿಧಾನಕ್ಕೆ ಹಿಗ್ಗುತ್ತೆ. ಎಡ ವೆಂಟ್ರಿಕಲ್ ಔಟ್‌ಫ್ಲೋದಲ್ಲಿರೋ (ರಕ್ತ ಹೊರಹೋಗೋ ದಾರಿಯಲ್ಲಿರೋ) ಚಿಕ್ಕದೊಂದು ತಲೆ ಸುತ್ತಿಸಿ ಬೀಳಿಸಬಹುದು. ಹಾಗಾಗಿ ಜಾಗ, ಲಕ್ಷಣ. ಹರಿವಿಗೆ ಅಡ್ಡಿ, ವಾಲ್ವ್ ಕೆಡಿಸೋದು, ಕೊರೊನರಿ (ಹೃದಯಕ್ಕೇ ರಕ್ತ ಕೊಡೋ ನಾಳ) ಒತ್ತೋದು, ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ (ಕೆಳಗಿನ ಕೋಣೆಯ ಅತಿವೇಗದ ಬಡಿತ), ಬ್ಲಾಕ್ (ಬಡಿತದ ವಿದ್ಯುತ್ ಸಂಕೇತ ತಡೆಯಾಗೋದು), ಎರಡು ಸ್ಕ್ಯಾನ್ ನಡುವೆ ನಿಜವಾಗಿ ಬೆಳೆದಿರೋದು. ಇವಿದ್ರೆ ತೆಗೀತೀನಿ.

ನಾಗರಾಜ: ಲಕ್ಷಣ ಇಲ್ಲದೆ ಎಡಗಡೆ ಕೋಣೆಯಲ್ಲಿದ್ರೆ?

ಶ್ರೀಧರ: ತೊಟ್ಟಿನ ಮೇಲೆ ಅಲುಗಾಡ್ತಿದ್ರೆ ತೆಗೀತೀನಿ. ಅಲುಗಾಡೋದಕ್ಕೆ ಎಂಆರ್ ಅಷ್ಟು ಖಾತ್ರಿ ಕೊಡಲ್ಲ, ಮಿಕ್ಸೋಮಾ ಆಗಿದ್ರೆ ಕಾಯೋದು ತಪ್ಪು.

ನಾಗರಾಜ: ಅಗಲ ಬುಡ, ಅಲುಗಲ್ಲ, ಪೂರ್ತಿ ಕೊಬ್ಬು. ಆಗ?

ಶ್ರೀಧರ: ವಾಲ್ವ್ ಹತ್ತಿರ ಇದ್ರೆ ತೆಗೀತೀನಿ.

ನಾಗರಾಜ: ನಾನು ಕಳಿಸಲ್ಲ. ವಾಲ್ವ್ ಸೋರ್ತಾ ಇಲ್ಲ, ಗ್ರೇಡಿಯೆಂಟ್ (ಅಡ್ಡಿಯಿಂದ ಬರೋ ಒತ್ತಡದ ವ್ಯತ್ಯಾಸ) ಇಲ್ಲ, ಹೋಲ್ಟರ್ (ಮೈಗೆ ಕಟ್ಟಿ ದಿನವಿಡೀ ತೆಗೆಯೋ ಇಸಿಜಿ) ಸುಮ್ಮನಿದೆ. ಬೈಪಾಸ್ ಯಂತ್ರಕ್ಕೆ (ಹೃದಯ, ಶ್ವಾಸಕೋಶದ ಕೆಲಸ ಮಾಡೋ ಯಂತ್ರ) ಹಾಕಿ ಎದೆ ಬಿಡಿಸೋ ಅಪಾಯಕ್ಕಿಂತ ಆ ಗಡ್ಡೆಯ ಅಪಾಯ ಹೆಚ್ಚು ಅಂತ ಹೇಗೆ ಹೇಳ್ತೀಯ?

ಶ್ರೀಧರ: ಬೆಳೆದಮೇಲೆ ವಾಲ್ವ್ ಉಳಿಸೋದು ಕಷ್ಟ. ಈಗ ಕವಚದ ಪ್ಲೇನ್ (ಬಿಡಿಸೋಕೆ ಬರೋ ಪದರ) ಸಿಗುತ್ತೆ, ಸುಲಿದು ತೆಗೀಬಹುದು.

ಇಕ್ಬಾಲ್: ಪ್ಲೇನ್ ಸಿಗದೇ ಇದ್ರೆ?

ಶ್ರೀಧರ: ಸ್ನಾಯುವಿನೊಳಗೆ ಬೇರು ಬಿಟ್ಟಿದ್ರೆ ಪೂರ್ತಿ ತೆಗೆಯೋ ಹಠ ಮಾಡಬಾರದು. ಬಿನೈನ್, ಸ್ವಲ್ಪ ಬಿಟ್ಟರೂ ನಡೆಯುತ್ತೆ. ಅಡ್ಡಿ ತೆಗಿ, ಗೋಡೆ ಉಳಿಸು. ಹಠ ಮಾಡಿದವರು ವೆಂಟ್ರಿಕಲ್ ತೆಳು ಮಾಡಿ ಪಂಪ್ ಕೆಡಿಸ್ತಾರೆ. ಬಲ ಏಟ್ರಿಯಂದಾದ್ರೆ ಎರಡೂ ಕೇವಾಗೆ ಬೇರೆ ಬೇರೆ ಕ್ಯಾನುಲಾ (ರಕ್ತ ಎಳೆಯೋ ಕೊಳವೆ), ಗಡ್ಡೆಯ ಬುಡದಿಂದ ದೂರ. ಸೆಪ್ಟಮ್ ಕತ್ತರಿಸಬೇಕಾದ್ರೆ ಪೆರಿಕಾರ್ಡಿಯಂ ಪ್ಯಾಚ್. ಕಾಕ್ ತ್ರಿಕೋನದ (ಬಡಿತದ ಸಂಕೇತ ಹಾದುಹೋಗೋ ಜಾಗದ) ಹತ್ತಿರ ಹೋದ್ರೆ ಬ್ಲಾಕ್ ಆಗೋ ಸಂಭವ, ಪೇಸಿಂಗ್ ವೈರ್ (ಬಡಿತ ಕೊಡೋ ತಂತಿ) ಹಾಕಿಯೇ ಮುಚ್ಚು. ಹೊರಪದರದ್ದಕ್ಕೆ ಎಷ್ಟೋ ಸಲ ಬೈಪಾಸ್ ಬೇಡ, ಆದ್ರೆ ಮೊದಲೇ ಕೊರೊನರಿ ಸಿಟಿ ಬೇಕೇ ಬೇಕು. ರಕ್ತನಾಳ ಗಡ್ಡೆಯ ಮೇಲೆ ಹಾದಿರಬಹುದು, ಒಳಗೇ ಹುದುಗಿರಬಹುದು.

ಮಂಜು: ಸೆಪ್ಟಮ್ ಕೊಬ್ಬಿಗೆ ಆಪರೇಷನ್ ಯಾವತ್ತೂ ಬೇಡವಾ?

ನಾಗರಾಜ: ಮೇಲಿನ ಕೇವಾ ಒತ್ತಿ ಮುಖ, ಕತ್ತು ಊದಿದ್ರೆ, ಇಲ್ಲಾ ಬೇರೆ ಯಾವುದಕ್ಕೂ ಬಗ್ಗದ ಅರಿದ್ಮಿಯಾ (ಬಡಿತದ ಏರುಪೇರು) ಇದ್ರೆ. ತೀರಾ ಅಪರೂಪ. ಏಟ್ರಿಯಲ್ ಅರಿದ್ಮಿಯಾ ಬಂದ್ರೆ ಅದನ್ನ ಮಾಮೂಲಿ ಥರವೇ ನೋಡ್ಕೋ.

ಮಂಜು: ನನ್ನ ಹತ್ರ ಬರೋರಿಗೆ ಫಾಲೋ ಅಪ್ ಎಷ್ಟು ದಿನಕ್ಕೆ ಹೇಳಲಿ?

ನಾಗರಾಜ: ಎಲ್ಲರೂ ಒಪ್ಪಿದ ಗೈಡ್‌ಲೈನ್ ಇಲ್ಲ. ನಾನು ಹೇಳೋದು: ಮೊದಲ ಸಲ 6ರಿಂದ 12 ತಿಂಗಳಿಗೆ, ಅದೇ ವಿಧಾನ, ಚಿತ್ರದ ಅದೇ ಪ್ಲೇನ್ (ಕೋನ), ಡಯಾಸ್ಟೋಲ್‌ನಲ್ಲೇ (ಹೃದಯ ಸಡಿಲಾದಾಗಲೇ) ಅಳತೆ. ಬದಲಾಗಿಲ್ಲದಿದ್ರೆ ಅಂತರ ಹೆಚ್ಚಿಸು. ಎಕೋದಲ್ಲಿ ಚೆನ್ನಾಗಿ ಕಾಣೋದಾದ್ರೆ ವರ್ಷವರ್ಷ ಎಂಆರ್ ಬೇಡ. ಗಡ್ಡೆ ಸ್ನಾಯುವಿನಲ್ಲಿದ್ರೆ 24 ಗಂಟೆ ಹೋಲ್ಟರ್ ಸೇರಿಸು. ನಡುವೆ ತಲೆ ಸುತ್ತಿ ಬಿದ್ದರೆ, ಎದೆ ಬಡಿತ ಏರಿದ್ರೆ, ಉಸಿರು ಸಾಲದೇ ಹೋದ್ರೆ ಅವಧಿ ಕಾಯದೆ ಬರಲಿ. ಡಂಬೆಲ್ ಆಕಾರದ ಸೆಪ್ಟಮ್, ಲಕ್ಷಣ ಇಲ್ಲ ಅಂದ್ರೆ ಸ್ಕ್ಯಾನ್ ಫಾಲೋ ಅಪ್ಪೇ ಬೇಡ.

ವೀಣಾ: ಎಕೋ ಅಳತೆ ಒಬ್ಬೊಬ್ಬರ ಕೈಯಲ್ಲಿ ಕೆಲವು ಮಿ.ಮೀ. ಆಚೀಚೆ ಆಗುತ್ತೆ. ಅಷ್ಟಕ್ಕೇ “ಬೆಳೆದಿದೆ” ಅಂತ ಶ್ರೀಧರನಿಗೆ ಕಳಿಸಬೇಡಿ. ಹಳೇ ಚಿತ್ರ, ಹೊಸ ಚಿತ್ರ ಎರಡನ್ನೂ ಒಬ್ಬರೇ ಪಕ್ಕಪಕ್ಕ ಇಟ್ಟು ಅಳೀಲಿ.

ಶ್ರೀಧರ: ಕಳಿಸಿದ್ರೆ ನಾನೇ ವಾಪಸ್ ಕಳಿಸ್ತೀನಿ. ಆದ್ರೆ ವಾಲ್ವ್ ಹತ್ತಿರದ್ದಕ್ಕೆ 12 ತಿಂಗಳು ಕಾಯೋದು ನನಗೆ ಇನ್ನೂ ಒಪ್ಪಿಗೆ ಇಲ್ಲ. ಆರಕ್ಕೇ ನೋಡಿ.

ನಾಗರಾಜ: ಆರಕ್ಕೆ ನೋಡೋಣ. ಚಾಕು ಬೇಡ.