ಸಹಾಯ ಬೇಕು: ಬೈತಖೋಲ ತಪಾಸಣಾ ಶಿಬಿರಕ್ಕೆ ಆರ್‌ಪಿಆರ್ ರೋಟೇಟರ್

ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಬೋಟುಗಳು ಕಡಲಿಗಿಳಿಯುವ ಮೊದಲು ಬೈತಖೋಲ ಬಂದರಿನ ಕಾರ್ಮಿಕರಿಗೆ ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು) ತಪಾಸಣೆ ಇಟ್ಟುಕೊಂಡಿದ್ದೇವೆ. ಕಾರವಾರ, ಅಂಕೋಲಾ ಕಡೆಯ ಲ್ಯಾಬಿನವರು ಯಾರಾದರೂ ಆರ್‌ಪಿಆರ್ ರೋಟೇಟರ್ (ಸಿಫಿಲಿಸ್ ಪತ್ತೆಯ ಆರ್‌ಪಿಆರ್ ರಕ್ತಪರೀಕ್ಷೆಯ ಕಾರ್ಡ್ ತಿರುಗಿಸುವ ಯಂತ್ರ) ಇದ್ದರೆ ಎರಡು ದಿನಕ್ಕೆ ಕೊಡಿ. ನಿಮಿಷಕ್ಕೆ 100 ಸುತ್ತಿನಂತೆ 8 ನಿಮಿಷ ತಿರುಗಬೇಕು. ಬರೀ ಕೈಯಲ್ಲಿ ಅಲ್ಲಾಡಿಸಿದ ಫಲಿತಾಂಶ ನಂಬುವಂತಿಲ್ಲ.

ಐಸ್ ಡಬ್ಬಿಯೂ ಬೇಕು. ಆಂಟಿಜನ್ (ರಕ್ತದ ಜೊತೆ ಬೆರೆಸುವ ಪರೀಕ್ಷಾ ದ್ರಾವಣ) 2ರಿಂದ 8 ಡಿಗ್ರಿಯಲ್ಲಿರಬೇಕು, ಆದರೆ ತಣ್ಣಗಿರುವಾಗಲೇ ಬಳಸಿದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು. (ಐಸಿಗೆ ತಾಗಿ ಹೆಪ್ಪುಗಟ್ಟಿದರೆ ಇಡೀ ಬಾಟಲಿ ದಂಡ!)

ರಿಯಾಕ್ಟಿವ್ (ಪಾಸಿಟಿವ್) ಬಂದವರಿಗೆ ಸಿಫಿಲಿಸ್ ಖಚಿತಪಡಿಸುವ ಟಿಪಿಎಚ್‌ಎ ಪರೀಕ್ಷೆ ಮಾಡಿಸಲೇಬೇಕು, ಮಲೇರಿಯಾ ಜ್ವರದಲ್ಲೂ ಆರ್‌ಪಿಆರ್ ಸುಳ್ಳು ಪಾಸಿಟಿವ್ ಕೊಡುವುದುಂಟು.

ಕೊಂಕಣಿ, ಹಿಂದಿ ಬಲ್ಲ ಆಪ್ತಸಮಾಲೋಚಕರು ಇದ್ದರೆ ತಿಳಿಸಿ. ರಕ್ತದ ಟ್ಯೂಬಿನ ಮೇಲೆ ಹೆಸರಿಲ್ಲ, ನಂಬರ್ ಮಾತ್ರ.