ಸಹಾಯ ಬೇಕು: ಕೋಲಾರ ತೋರಿಸಲು ಎಲೆಕ್ಟ್ರಿಕ್ ಆಟೋ

ಎಲ್ಲರಿಗೂ ನಮಸ್ಕಾರ. ಭಾನುವಾರ ಮೈಸೂರಿನಿಂದ ನಮ್ಮ ದೊಡ್ಡಪ್ಪ, ದೊಡ್ಡಮ್ಮ ಬರುತ್ತಿದ್ದಾರೆ. ಇಬ್ಬರಿಗೂ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಎಲೆಕ್ಟ್ರಿಕ್ ಆಟೋದಲ್ಲಿ ಕರೆದುಕೊಂಡು ಹೋಗಿ, ಜಾಗಗಳ ಕಥೆಯನ್ನೂ ಹೇಳುವವರು ಯಾರಾದರೂ ಇದ್ದಾರಾ?

ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಸ್ಥಾನ, ಹೈದರಾಲಿಯ ತಂದೆ ಫತೇ ಮಹಮ್ಮದ್ ಅವರ ಮಕ್ಬರಾ ನೋಡಬೇಕು. ದೊಡ್ಡಪ್ಪನಿಗೆ ಶಾಸನ ಎಂದರೆ ಪ್ರಾಣ. ಕೋಲಾರಮ್ಮನ ಗುಡಿಯಲ್ಲಿರುವ ಚೋಳರ ಕಾಲದ ತಮಿಳು ಶಾಸನಗಳ ಮುಂದೆ ನಿಂತು, ಅದರಲ್ಲಿ ಏನಿದೆ ಎಂದು ನಿಧಾನವಾಗಿ ವಿವರಿಸುವವರು ಸಿಕ್ಕರೆ ತುಂಬಾ ಖುಷಿಪಡುತ್ತಾರೆ. ದೊಡ್ಡಮ್ಮ ಅದೇ ಗುಡಿಯಲ್ಲಿರುವ ಚೇಳಿನ ದೇವತೆ ಚೇಳಮ್ಮನಿಗೆ ಕಾಣಿಕೆ ಹಾಕಬೇಕಂತೆ.

ಅಂತರಗಂಗೆಗೆ ಬೆಟ್ಟದ ಬುಡದವರೆಗೆ ಹೋದರೆ ಸಾಕು, ಮೆಟ್ಟಿಲು ಹತ್ತಿಸುವುದಿಲ್ಲ. ಆ ಏರಿನಲ್ಲಿ ಮೂರು ಜನರನ್ನು ಗಾಡಿ ಎಳೆಯುತ್ತೆ ಅಲ್ವಾ? ಅರ್ಧ ದಿನಕ್ಕೆ ಬಾಡಿಗೆ ಎಷ್ಟಾಗಬಹುದು? ಗೊತ್ತಿದ್ದವರು ದಯವಿಟ್ಟು ತಿಳಿಸಿ.