ಸೇಂಟ್ ಆಂಡ್ರ್ಯೂಸ್ ಓಲ್ಡ್ ಕೋರ್ಸ್: ಇಷ್ಟು ಗಾಳೀಲಿ ಹೇಗೆ ಆಡೋದು?

ಸ್ಲೈಸ್_ಶೂರ
ಎಲ್ಲರಿಗೂ ನಮಸ್ಕಾರ. ಗಾಲ್ಫ್ ಕಲಿತಿದ್ದು ಬೆಂಗಳೂರಲ್ಲಿ, ಈಗ ಕೆಲಸಕ್ಕೆ ಎಡಿನ್‌ಬರಾದಲ್ಲಿ ಇದ್ದೇನೆ. ಸೇಂಟ್ ಆಂಡ್ರ್ಯೂಸ್‌ನ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನ ಬ್ಯಾಲಟ್‌ನಲ್ಲಿ (ಆಡೋರನ್ನ ಆರಿಸೋ ಲಾಟರಿ) ಇವತ್ತು ಹೆಸರು ಬಂತು, ಸೋಮವಾರ ಆಟ! ಆದರೆ ಗಂಟೆಗೆ 20 ಮೈಲಿ ಗಾಳಿ, ಅದೂ ಪಶ್ಚಿಮದಿಂದ ಅಂತ ತೋರಿಸುತ್ತಿದೆ. ಹ್ಯಾಂಡಿಕ್ಯಾಪ್ 18 (ಅಂದರೆ 18 ಹೊಡೆತ ರಿಯಾಯಿತಿ, ಹೋಲಿಗೊಂದು). ಬಾಲ್ ಮೊದಲೇ ಎತ್ತರ ಹೋಗುತ್ತೆ, ಬಲಕ್ಕೆ ತಿರುಗೋ ಸ್ಲೈಸ್ ಬೇರೆ. ಊರಲ್ಲಿ 150 ಗಜಕ್ಕೆ 7 ಐರನ್ ಕ್ಲಬ್ (ಕೋಲು) ಹಿಡಿಯುತ್ತಿದ್ದೆ. ಇಲ್ಲಿ ಏನು ಲೆಕ್ಕ?

ಡಂಡೀ_ಮಾವ
ಮೊದಲು ಆ 150ರ ಲೆಕ್ಕ ಮರೆತುಬಿಡಿ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಬಾಲ್ ಜಾಸ್ತಿ ಹೋಗುತ್ತೆ. ಇಲ್ಲಿ ಸಮುದ್ರ ಮಟ್ಟ, ಜೊತೆಗೆ ಚಳಿ, ಗಾಳಿ ಬೀಸದಿದ್ದರೂ ಅದೇ ಹೊಡೆತ ಐದಾರು ಗಜ ಕಮ್ಮಿ ಬೀಳುತ್ತೆ. ಆಮೇಲೆ ಎದುರು ಗಾಳಿ ತನ್ನ ವೇಗದ ಪ್ರತಿ ಮೈಲಿಗೆ ದೂರದ ಸುಮಾರು 1% ಕಿತ್ತುಕೊಳ್ಳುತ್ತೆ, ಹಿಂದಿನ ಗಾಳಿ ಅದರ ಅರ್ಧ ಮಾತ್ರ ವಾಪಸ್ ಕೊಡುತ್ತೆ. ಅಂದರೆ 20 ಮೈಲಿ ನೇರ ಎದುರಿಗಿದ್ದರೆ 150 ಗಜಕ್ಕೆ 180 ಗಜದ ಕ್ಲಬ್ ಬೇಕು. ಎರಡು ಮೂರು ಕ್ಲಬ್ ಮೇಲಿನದು (ಇನ್ನೂ ದೂರ ಹೊಡೆಯೋದು) ತಗೊಂಡು, ಗ್ರಿಪ್ ಒಂದಿಂಚು ಕೆಳಗೆ ಹಿಡಿದು, ಮುಕ್ಕಾಲು ಸ್ವಿಂಗ್ ಮಾಡಿ. ಜೋರಾಗಿ ಬಾರಿಸಿದಷ್ಟೂ ಸ್ಪಿನ್ ಜಾಸ್ತಿ, ಸ್ಪಿನ್ ಜಾಸ್ತಿ ಆದಷ್ಟೂ ಬಾಲ್ ಮೇಲಕ್ಕೆದ್ದು ಅಲ್ಲೇ ನಿಂತುಬಿಡುತ್ತೆ. ಮೊದಲನೇ ಹೋಲಿನಲ್ಲೇ ಗೊತ್ತಾಗುತ್ತೆ ನೋಡಿ, ಗಾಳಿ ಎದುರಿಗೆ, ಗ್ರೀನ್ (ಗುಳಿ ಇರೋ ನುಣುಪು ಹುಲ್ಲಿನ ಜಾಗ) ಮುಂದೇನೇ ಸ್ವಿಲ್ಕನ್ ಹಳ್ಳ, ಅಲ್ಲಿ ಹಿಂದಕ್ಕೆ ಹೋದರೂ ಪರವಾಗಿಲ್ಲ, ಕಮ್ಮಿ ಮಾತ್ರ ಬೀಳಬಾರದು.

ಇನ್ನು ದಿಕ್ಕು. ಕೋರ್ಸ್ ಪೂರ್ತಿ ಎಡಗಡೆ ತಪ್ಪಿದರೆ ಬದುಕುತ್ತೀರಿ. ಹೋಗುವಾಗಲೂ ಎಡಕ್ಕೆ ಇನ್ನೊಂದು ಹೋಲಿನ ಫೇರ್‌ವೇ (ಕತ್ತರಿಸಿದ ಹುಲ್ಲಿನ ದಾರಿ), ಬರುವಾಗಲೂ ಅಷ್ಟೇ. ಬಲಗಡೆ ಹೋಗುವಾಗ ಮುಳ್ಳುಪೊದೆ, ಬರುವಾಗ 14, 16, 17, 18ರಲ್ಲಿ ಔಟ್ ಆಫ್ ಬೌಂಡ್ಸ್, ಅಂದರೆ ಆಟದ ಗಡಿಯಾಚೆ. ಪಶ್ಚಿಮದ ಗಾಳಿ ಹೋಗುವಾಗ ಎಡದಿಂದ ಓರೆಯಾಗಿ ಹೊಡೆಯುತ್ತೆ, ನಿಮ್ಮ ಸ್ಲೈಸ್‌ಗೆ ತುಪ್ಪ ಸುರಿದ ಹಾಗೆ. ಮೊದಲ ಆರು ಹೋಲ್ ನಾಚಿಕೆ ಬಿಟ್ಟು ಎಡಕ್ಕೆ ಗುರಿ ಇಡಿ.

ಬಂಕರ್_ಭಟ್ಟ
ಮಾವ ಹೇಳಿದ್ದು ಸರಿ, ಆದರೆ 'ನಾಚಿಕೆ ಬಿಟ್ಟು ಎಡಕ್ಕೆ' ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ಅಲ್ಲಿ ಬಂಕರ್ (ಮರಳು ಗುಂಡಿ) 112 ಇವೆ, ಸುಮಾರು ಬಂಕರ್ ಟೀಯಿಂದ (ಮೊದಲ ಹೊಡೆತದ ಜಾಗ) ಕಾಣೋದೇ ಇಲ್ಲ. ತೀರಾ ಎಡಕ್ಕೆ ಹೋದರೆ ಸೇಫ್ ಏನೋ ಸರಿ, ಆದರೆ ಗ್ರೀನ್‌ಗೆ ಬಂಕರ್ ದಾಟಿಸಿಯೇ ಹೊಡೆಯಬೇಕಾಗುತ್ತೆ. ಒಬ್ಬ ಕ್ಯಾಡಿ (ಬ್ಯಾಗ್ ಹೊತ್ತು ಸಲಹೆ ಕೊಡೋ ಸಹಾಯಕ) ಹಿಡಿಯಿರಿ, ದುಡ್ಡು ನೋಡಬೇಡಿ.

11ನೇ ಹೋಲ್ ಬಗ್ಗೆ ಎಚ್ಚರ. ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು), ಈಡನ್ ಅಳಿವೆ ಪಕ್ಕ, ಗಾಳಿಗೆ ಒಂದು ಮರದ ತಡೆಯೂ ಇಲ್ಲ. ಎಡಕ್ಕೆ ಹಿಲ್ ಬಂಕರ್, ಮುಂದೆ ಸ್ಟ್ರಾತ್ ಬಂಕರ್. 1921ರ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ದಿಗ್ಗಜ ಆಟಗಾರ ಬಾಬಿ ಜೋನ್ಸ್ ಅಂಥವನೇ ಇಲ್ಲಿ ಬೇಸತ್ತು ಆಟ ಬಿಟ್ಟ. ಗ್ರೀನ್ ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿಜಾರು, ಹಾಗಾಗಿ ಹಿಂಭಾಗಕ್ಕೆ ಹೋಗಬೇಡಿ. ಮುಂದೆ ಬೀಳಿಸಿ, ಪಟರ್‌ನಿಂದ (ನೆಲದ ಮೇಲೆ ಉರುಳಿಸೋ ಕ್ಲಬ್) ಏರಿಸಿ. ಅಲ್ಲಿ ನೆಲ ಗಟ್ಟಿ, 30 ಗಜದಿಂದಲೂ ಪಟರ್ ನಡೆಯುತ್ತೆ. ವೆಜ್ (ಬಾಲ್ ಎತ್ತರಕ್ಕೆ ಹಾರಿಸೋ ಕ್ಲಬ್) ಎತ್ತಿದರೆ ಬಾಲನ್ನ ಗಾಳಿಗೆ ಕೊಟ್ಟ ಹಾಗೆ.

ರೂಲ್‌ಬುಕ್_ರಾಯ
ಗಾಳಿಗೆ ಬಾಲ್ ಗ್ರೀನ್ ಮೇಲೆ ತಾನಾಗೇ ಉರುಳಬಹುದು. 2015ರ ಓಪನ್‌ನಲ್ಲಿ ಶನಿವಾರ ಇದೇ ಕಾರಣಕ್ಕೆ ಹತ್ತು ಗಂಟೆಗೂ ಹೆಚ್ಚು ಆಟ ನಿಲ್ಲಿಸಿ, ಕೊನೆಗೆ ಸೋಮವಾರ ಮುಗಿಸಿದರು. ನಿಯಮ ಗೊತ್ತಿರಲಿ. ನೀವಿನ್ನೂ ಬಾಲ್ ಇದ್ದ ಜಾಗ ಮಾರ್ಕ್ ಮಾಡಿ (ಗುರುತಿಟ್ಟು) ಎತ್ತಿಲ್ಲದಿದ್ದರೆ ಹೊಸ ಜಾಗದಿಂದಲೇ ಆಡಬೇಕು. ಎತ್ತಿ ವಾಪಸ್ ಇಟ್ಟ ಮೇಲೆ ಉರುಳಿದರೆ ಹಳೇ ಜಾಗಕ್ಕೇ ತಂದಿಡಬೇಕು. ಎರಡಕ್ಕೂ ಪೆನಾಲ್ಟಿ ಇಲ್ಲ. ಗಾಳಿ ಜೋರಿದ್ದಾಗ ಬಾಲ್ ಗ್ರೀನ್ ಮೇಲೆ ನಿಂತ ಕೂಡಲೇ ಮಾರ್ಕ್ ಮಾಡಿ, ಎತ್ತಿ, ಇಡಿ.

ಸ್ಲೈಸ್_ಶೂರ
ಎಲ್ಲರಿಗೂ ಥ್ಯಾಂಕ್ಸ್. 17ನೇ ಹೋಲ್? ಟೀ ಮುಂದೆ ಅಡ್ಡ ಬರೋ ಹೋಟೆಲ್ ಮೇಲಿಂದ ಹೊಡೆಯೋ ಆಸೆ ಇದೆ, ಫೋಟೋಗಾದರೂ 😀

ಡಂಡೀ_ಮಾವ
ಹೊಡೀರಿ, ಯಾರು ಬೇಡ ಅಂದರು. ಬರುವಾಗ ಗಾಳಿ ಹಿಂದಿನಿಂದ, ಸ್ವಲ್ಪ ಬಲದಿಂದ, ಸ್ಲೈಸನ್ನೂ ತಡೆಯುತ್ತೆ. ಕಷ್ಟ ಇರೋದು ಎರಡನೇ ಹೊಡೆತದಲ್ಲಿ. ಗ್ರೀನ್ ಅಗಲ ಇದೆ ಆದರೆ ಆಳ ಇಲ್ಲ, ಮುಂದೆ ರೋಡ್ ಬಂಕರ್, ಹಿಂದೆ ರಸ್ತೆ. ಹಿಂದಿನ ಗಾಳೀಲಿ ಬಾಲ್ ನಿಲ್ಲೋದೇ ಇಲ್ಲ. ನಿಮಗೆ ಪ್ರತಿ ಹೋಲಿಗೂ ಒಂದು ಸ್ಟ್ರೋಕ್ ಇದೆಯಲ್ಲ, ಪಾರ್ 5 ಅಂದುಕೊಂಡು ಗ್ರೀನ್ ಬಲ ಮುಂಭಾಗಕ್ಕೆ ಉರುಳಿಸಿ, ಅಲ್ಲಿಂದ ಪಟರ್. 2022ರಲ್ಲಿ ಕ್ಯಾಮ್ ಸ್ಮಿತ್ ಕೂಡ ಕೊನೇ ದಿನ ಆ ಬಂಕರ್ ಸುತ್ತ ಪಟರ್‌ನಲ್ಲೇ ಬಳಸಿ ಪಾರ್ ಮಾಡಿ, ಒಂದೇ ಸ್ಟ್ರೋಕ್‌ನಲ್ಲಿ ಓಪನ್ ಗೆದ್ದ.

ಬಂಕರ್_ಭಟ್ಟ
ಇನ್ನೊಂದು. ನಾಳೆ ಭಾನುವಾರ, ಓಲ್ಡ್ ಕೋರ್ಸ್‌ನಲ್ಲಿ ಆಟ ಇರಲ್ಲ, ಜನ ನಾಯಿ ಕರೆದುಕೊಂಡು ಫೇರ್‌ವೇ ಮೇಲೇ ವಾಕಿಂಗ್ ಮಾಡುತ್ತಾರೆ. ಲೂಕರ್ಸ್‌ವರೆಗೆ ಟ್ರೇನ್, ಅಲ್ಲಿಂದ ಬಸ್. ಹೋಗಿ 18 ಹೋಲೂ ನಡೆದು ಬನ್ನಿ, ಟೀಯಿಂದ ಕಾಣದ ಬಂಕರ್‌ಗಳನ್ನ ಗ್ರೀನ್ ಕಡೆಯಿಂದ ಹಿಂತಿರುಗಿ ನೋಡಿ, ಎಲ್ಲಾ ಕಾಣುತ್ತೆ. ಮಳೆ ಜಾಕೆಟ್ ಮರೀಬೇಡಿ.